ಮಳೆಯ ಮೊತ್ತ ಬಿಟ್ಟು ಒಣ ತಿಂಗಳು ಎಣಿಸಿದ ಮೇಲೆ

ನಾನು ಶಿವಮೊಗ್ಗ ಜಿಲ್ಲೆಯ ಹೈಸ್ಕೂಲೊಂದರಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಭೂಗೋಳದಲ್ಲಿ ನನಗೆ ತುಂಬ ಹತ್ತಿರವಾದ ಭಾಗ ಪ್ರಪಂಚದ ವಾಯುಗುಣ ಮತ್ತು ಸಸ್ಯವರ್ಗ. ಮಳೆಕಾಡು, ಸವನ್ನಾ, ಮರುಭೂಮಿ, ಮೆಡಿಟರೇನಿಯನ್ ಪೊದೆಗಾಡು, ಎಲೆ ಉದುರುವ ಕಾಡು, ಸ್ಟೆಪಿ, ಟೈಗಾ, ಟಂಡ್ರಾ. ಈ ಎಂಟು ಹೆಸರುಗಳ ಎದುರು ಉಷ್ಣಾಂಶ, ಮಳೆ, ಮರ, ಪ್ರಾಣಿ ಎಂದು ಕಂಬಸಾಲು ಹಾಕಿ ಬರೆಸಿದರೆ ಪರೀಕ್ಷೆಗೆ ಸಾಕಾಗುತ್ತದೆ. ಆದರೆ ಹಾಗೆ ಕಲಿತ ಮಗುವಿಗೆ ಹೆಸರು ಕೇಳಿರದ ಒಂದು ಊರಿನ ಮಳೆ-ಬಿಸಿಲಿನ ಅಂಕಿ ಕೊಟ್ಟು, "ಅಲ್ಲಿ ಏನು ಬೆಳೆದೀತು ಹೇಳು" ಅಂದರೆ ಉತ್ತರ ಬರುವುದಿಲ್ಲ. ನನಗೆ ಬೇಕಿದ್ದದ್ದು ಆ ಉತ್ತರವೇ. ಅದಕ್ಕಾಗಿ ಈ ಪಾಠವನ್ನು ನಾನು ಹೇಗೆ ಮಾಡುತ್ತ ಬಂದೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮಕ್ಕಳು ತರಗತಿಗೆ ಬರುವಾಗಲೇ ಒಂದು ನಂಬಿಕೆ ಹೊತ್ತು ಬರುತ್ತಾರೆ: ಹೆಚ್ಚು ಮಳೆ ಬಿದ್ದಲ್ಲಿ ಕಾಡು, ಕಡಿಮೆ ಬಿದ್ದಲ್ಲಿ ಮರುಭೂಮಿ. ದೊಡ್ಡವರಲ್ಲೂ ಇದೇ ನಂಬಿಕೆ ಇದೆ. ಇದು ಪೂರ್ತಿ ಸುಳ್ಳಲ್ಲ, ಆದರೆ ಇದನ್ನೇ ಹಿಡಿದುಕೊಂಡು ಹೊರಟರೆ ಪ್ರಪಂಚದ ಅರ್ಧ ಭೂಪಟ ಅರ್ಥವಾಗುವುದಿಲ್ಲ. ಹಾಗಾಗಿ ನಾನು ಮೊದಲ ತರಗತಿಯಲ್ಲಿ ಕಾಡಿನ ಹೆಸರನ್ನೇ ಎತ್ತುವುದಿಲ್ಲ. ಪ್ರತಿ ಗುಂಪಿಗೂ ಒಂದು ಗ್ರಾಫ್ ಹಾಳೆ, ಒಂದು ಊರಿನ ಇಪ್ಪತ್ನಾಲ್ಕು ಅಂಕಿ: ಹನ್ನೆರಡು ತಿಂಗಳ ಸರಾಸರಿ ಉಷ್ಣಾಂಶ, ಹನ್ನೆರಡು ತಿಂಗಳ ಮಳೆ. ಊರಿನ ಹೆಸರು ಹಾಳೆಯ ಮೇಲೆ ಇರುವುದಿಲ್ಲ.

ಹಾಳೆಯಲ್ಲಿ ಅಂಕಿಗಳನ್ನು ಕೂರಿಸುವ ಬಗೆಯೇ ಇಡೀ ಪಾಠದ ಜೀವ. ಹೈನ್ರಿಖ್ ವಾಲ್ಟರ್ ಎಂಬ ಜರ್ಮನ್ ಸಸ್ಯವಿಜ್ಞಾನಿ ಬಳಕೆಗೆ ತಂದ ಕ್ರಮವನ್ನು ನಾನು ಅನುಸರಿಸುತ್ತೇನೆ. ಎಡಗಡೆ ಉಷ್ಣಾಂಶ, ಬಲಗಡೆ ಮಳೆ. 10 ಡಿಗ್ರಿ ಎದುರಿಗೆ 20 ಮಿ.ಮೀ., 20 ಡಿಗ್ರಿ ಎದುರಿಗೆ 40 ಮಿ.ಮೀ. ಹೀಗೆ ಎರಡು ಅಳತೆಯನ್ನು ಜೋಡಿಸಬೇಕು. ಇದರ ಹಿಂದೆ ಫ್ರೆಂಚ್ ಸಸ್ಯವಿಜ್ಞಾನಿ ಆನ್ರಿ ಗೋಸೆನ್ ಹೇಳಿದ ಒಂದು ಸರಳ ಸೂತ್ರವಿದೆ: ಒಂದು ತಿಂಗಳ ಮಳೆ (ಮಿ.ಮೀ.ಗಳಲ್ಲಿ) ಆ ತಿಂಗಳ ಉಷ್ಣಾಂಶದ ಎರಡರಷ್ಟಕ್ಕಿಂತ ಕಡಿಮೆಯಿದ್ದರೆ ಅದು ಗಿಡಕ್ಕೆ ಒಣ ತಿಂಗಳು. ಗ್ರಾಫಿನಲ್ಲಿ ಮಳೆಯ ಗೆರೆ ಉಷ್ಣಾಂಶದ ಗೆರೆಯ ಕೆಳಗೆ ಇಳಿದ ಜಾಗವೆಲ್ಲ ಒಣ ಕಾಲ. ಅಲ್ಲಿಗೆ ಕೆಂಪು ಪೆನ್ಸಿಲ್. ಮೇಲಿದ್ದಲ್ಲಿ ನೀಲಿ. ಸರಾಸರಿ ಉಷ್ಣಾಂಶ ಸೊನ್ನೆಗಿಂತ ಕೆಳಗಿಳಿದ ತಿಂಗಳುಗಳ ಬುಡದಲ್ಲಿ ಕಪ್ಪು ಪಟ್ಟಿ. ಮೂರು ಬಣ್ಣ ತುಂಬಿದರೆ ಒಂದು ಊರಿನ ಗಿಡಗಳು ವರ್ಷವಿಡೀ ಏನು ಅನುಭವಿಸುತ್ತವೆ ಎಂಬುದು ಹಾಳೆಯ ಮೇಲೆ ಕಾಣುತ್ತದೆ. ಗೋಸೆನ್ ಹೆಸರು ನಮಗೆ ದೂರದ್ದೂ ಅಲ್ಲ: 1955ರಲ್ಲಿ ಆರಂಭವಾದ ಪಾಂಡಿಚೇರಿಯ ಫ್ರೆಂಚ್ ಇನ್‌ಸ್ಟಿಟ್ಯೂಟ್‌ನ ಮೂಲಕ ನಡೆದ ದಕ್ಷಿಣ ಭಾರತದ ಸಸ್ಯವರ್ಗ ನಕ್ಷೆಗಳ ಕೆಲಸದಲ್ಲಿ ಅವರ ಕೈಯೂ ಇತ್ತು.

ಈ ರೀತಿಯ ಲೆಕ್ಕ ನಮ್ಮ ಹಳ್ಳಿಯ ಮಕ್ಕಳಿಗೆ ಬೇಗ ಹತ್ತುತ್ತದೆ. ವರ್ಷಕ್ಕೆ ಒಟ್ಟು ಎಷ್ಟು ಮಿಲಿಮೀಟರ್ ಎಂದು ಯಾವ ರೈತನ ಮನೆಯಲ್ಲೂ ಮಾತಾಡುವುದಿಲ್ಲ. ಕೃತ್ತಿಕೆ ಬಂತೇ, ಆರಿದ್ರಾ ಹದವಾಗಿ ಹೊಯ್ದಿತೇ, ಪುಷ್ಯ-ಆಶ್ಲೇಷ ಬಿಡದೆ ಹಿಡಿಯಿತೇ, ಸ್ವಾತಿ ಕೈಕೊಟ್ಟಿತೇ ಎಂದು ವಿಚಾರಿಸುತ್ತಾರೆ. ಮಳೆ ಯಾವಾಗ ಬಂತು, ಯಾವಾಗ ನಿಂತಿತು, ನಡುವೆ ಎಷ್ಟು ದಿನ ಬಿಸಿಲು ಕಾಯಿತು ಎಂಬುದೇ ಬೆಳೆಯ ಪ್ರಶ್ನೆ. ಕಾಡಿನ ಪ್ರಶ್ನೆಯೂ ಅದೇ. ಇದನ್ನು ನಾನು ತರಗತಿಯಲ್ಲಿ ಮೊದಲೇ ಹೇಳಿಬಿಡುತ್ತೇನೆ. ಮನೆಯಲ್ಲಿ ಅಜ್ಜನ ಬಾಯಿಂದ ಕೇಳಿದ್ದು ಭೂಗೋಳದಲ್ಲಿ ಕೆಲಸಕ್ಕೆ ಬರುತ್ತದೆ ಎಂದು ಗೊತ್ತಾದ ಕೂಡಲೆ ಹಿಂದಿನ ಬೆಂಚಿನವರೂ ಮುಂದಕ್ಕೆ ಬಾಗುತ್ತಾರೆ.

ಮುಂದಿನ ಹಂತ ಊರುಗಳ ಜೋಡಿ. ಇದು ನಾನೇ ಕೂತು ಹೊಂದಿಸಿಕೊಂಡದ್ದು. ಒಂದೊಂದು ಜೋಡಿಯಲ್ಲೂ ಒಂದು ಅಂಶ ಎರಡು ಕಡೆ ಹೆಚ್ಚುಕಡಿಮೆ ಸಮ ಇರಬೇಕು, ಆದರೆ ಅಲ್ಲಿನ ಹಸಿರು ಮಾತ್ರ ಸಂಪೂರ್ಣ ಬೇರೆ ಇರಬೇಕು.

ಮೊದಲನೇ ಜೋಡಿ ಚಿತ್ರದುರ್ಗ ಮತ್ತು ಪ್ಯಾರಿಸ್. ಎರಡು ಕಡೆಯೂ ವರ್ಷದ ಮಳೆ 600ರಿಂದ 650 ಮಿ.ಮೀ. ಆಸುಪಾಸು. ಒಂದು ಕಡೆ ಜಾಲಿ, ಬಂದರಿಕೆ, ಬಂಡೆಗಳ ನಡುವಿನ ಕುರುಚಲು. ಇನ್ನೊಂದು ಕಡೆ ಸುತ್ತಲೂ ಓಕ್ ಮತ್ತು ಬೀಚ್ ಮರಗಳ ದಟ್ಟ ಕಾಡು. ಗ್ರಾಫ್ ಬರೆದರೆ ಕಾರಣ ತಾನೇ ಬೀಳುತ್ತದೆ. ಪ್ಯಾರಿಸ್ಸಿನಲ್ಲಿ ಹನ್ನೆರಡು ತಿಂಗಳೂ ಒಂದಿಷ್ಟು ಮಳೆ, ಯಾವ ತಿಂಗಳೂ 40 ಮಿ.ಮೀ.ಗಿಂತ ಹೆಚ್ಚು ಕೆಳಗಿಳಿಯುವುದಿಲ್ಲ. ಅತಿ ಬಿಸಿಯ ಜುಲೈನಲ್ಲೂ ಸರಾಸರಿ 20 ಡಿಗ್ರಿ. ಕೆಂಪು ಬಣ್ಣಕ್ಕೆ ಕೆಲಸವೇ ಇಲ್ಲ. ಚಿತ್ರದುರ್ಗದಲ್ಲಿ ಡಿಸೆಂಬರಿನಿಂದ ಮಾರ್ಚ್‌ವರೆಗೆ ಆಕಾಶ ಬೋಳು, ಏಪ್ರಿಲ್ ಹೊತ್ತಿಗೆ ನೆಲ ಕಾದು ನಿಂತಿರುತ್ತದೆ. ಬಿದ್ದ ನೀರಿನಲ್ಲಿ ಎಷ್ಟು ಪಾಲು ಬಿಸಿಲು ಮರಳಿ ಕಸಿಯುತ್ತದೆ ಎಂಬುದು ಬಿದ್ದ ನೀರಿನಷ್ಟೇ ಮುಖ್ಯ.

ಇದನ್ನೇ ವಾಯುಗುಣ ವಿಜ್ಞಾನಿ ವ್ಲಾಡಿಮಿರ್ ಕೊಪ್ಪೆನ್ ಸೂತ್ರವಾಗಿ ಬರೆದಿಟ್ಟಿದ್ದಾರೆ. 1846ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಹುಟ್ಟಿ ಕ್ರಿಮಿಯಾದ ಕಡೆ ಶಾಲೆ ಓದಿದ ಅವರು, ಆ ಎರಡು ಊರುಗಳ ನಡುವೆ ಪ್ರಯಾಣಿಸುವಾಗ ಗಿಡಮರಗಳು ಬದಲಾಗುವುದನ್ನು ಗಮನಿಸುತ್ತ ಬೆಳೆದವರು. ಅವರ ವರ್ಗೀಕರಣದಲ್ಲಿ ಶುಷ್ಕ ಪ್ರದೇಶದ ಗಡಿ ಹೀಗೆ ಬರುತ್ತದೆ: ವರ್ಷದ ಸರಾಸರಿ ಉಷ್ಣಾಂಶವನ್ನು 20ರಿಂದ ಗುಣಿಸಿ, ಮಳೆ ವರ್ಷವಿಡೀ ಹರಡಿದ್ದರೆ 140 ಕೂಡಿಸಿ, 70 ಶೇಕಡಾಕ್ಕಿಂತ ಹೆಚ್ಚು ಮಳೆ ಬೇಸಗೆಯ ಅರ್ಧದಲ್ಲೇ ಸುರಿದರೆ 280 ಕೂಡಿಸಿ. ಮಳೆ ಆ ಸಂಖ್ಯೆಗಿಂತ ಕಡಿಮೆಯಾದರೆ ಅದು ಶುಷ್ಕ ಭೂಮಿ. ಆ ಸಂಖ್ಯೆಯ ಅರ್ಧಕ್ಕಿಂತಲೂ ಕಡಿಮೆಯಾದರೆ ಮರುಭೂಮಿ. ಪ್ಯಾರಿಸ್ಸಿನ ಸರಾಸರಿ 12 ಡಿಗ್ರಿ. ಗಡಿ 380 ಮಿ.ಮೀ. ಅಲ್ಲಿನ ಮಳೆ ಅದನ್ನು ಸಲೀಸಾಗಿ ದಾಟುತ್ತದೆ. ಚಿತ್ರದುರ್ಗದಿಂದ ಮೂವತ್ತು ಕಿ.ಮೀ. ಆಚೆಯ ಚಳ್ಳಕೆರೆ 26 ಡಿಗ್ರಿ ಎಂದಿಟ್ಟುಕೊಂಡರೆ 140 ಕೂಡಿಸಿದರೂ ಗಡಿ 660. ಅಲ್ಲಿ ಬೀಳುವುದು 500ರ ಆಸುಪಾಸು. ಗುಣಿಸುವ, ಕೂಡಿಸುವ ಲೆಕ್ಕ ಬರುವ ಯಾವ ಮಗುವೂ ಇದನ್ನು ಮಾಡಬಲ್ಲದು. ಪಠ್ಯದಲ್ಲಿ ಉತ್ತರ ಮಾತ್ರ ಕೊಟ್ಟು ಲೆಕ್ಕ ಬಿಡುವುದು ಯಾಕೆಂದು ನನಗೆ ಇಂದಿಗೂ ಬೇಸರ.

ಎರಡನೇ ಜೋಡಿ ನನ್ನ ಅಚ್ಚುಮೆಚ್ಚಿನದು: ಜೈಸಲ್ಮೇರ್ ಮತ್ತು ಸೈಬೀರಿಯಾದ ಯಾಕುಟ್ಸ್ಕ್. ಜೈಸಲ್ಮೇರಿಗೆ ವರ್ಷಕ್ಕೆ ಸುಮಾರು 200 ಮಿ.ಮೀ. ಮಳೆ, ಯಾಕುಟ್ಸ್ಕ್‌ಗೆ ಮಳೆ-ಹಿಮ ಎಲ್ಲ ಸೇರಿ ಸುಮಾರು 240. ಹೆಸರು ಮುಚ್ಚಿಟ್ಟು ಮೊತ್ತ ಮಾತ್ರ ಹೇಳಿದರೆ ತರಗತಿ ಒಕ್ಕೊರಲಿನಿಂದ "ಎರಡೂ ಮರುಭೂಮಿ ಮೇಡಂ" ಅನ್ನುತ್ತದೆ. ಆದರೆ ಯಾಕುಟ್ಸ್ಕ್ ಸುತ್ತ ನಿಂತಿರುವುದು ಟೈಗಾ, ಭೂಮಿಯ ಮೇಲಿನ ಅತಿ ವಿಶಾಲವಾದ ಕಾಡುಪಟ್ಟಿಯ ಭಾಗ. ಜನವರಿಯ ಸರಾಸರಿ ಅಲ್ಲಿ ಮೈನಸ್ 38 ಡಿಗ್ರಿಯ ಹತ್ತಿರ, ಜುಲೈನಲ್ಲಿ 19-20. ಅಕ್ಟೋಬರಿನಿಂದ ಏಪ್ರಿಲ್‌ವರೆಗೆ ಏಳು ತಿಂಗಳು ಸರಾಸರಿ ಸೊನ್ನೆಯ ಕೆಳಗೆ. ಅಷ್ಟು ದಿನ ನೀರು ಆವಿಯಾಗುವ ಮಾತು ಬಹಳ ಕಡಿಮೆ. ಬೇಸಗೆಯಲ್ಲಿ ಹಿಮ ಕರಗಿದಾಗ ಆ ನೀರು ಆಳಕ್ಕೆ ಇಳಿಯಲಾರದು, ಕೆಳಗೆ ವರ್ಷವಿಡೀ ಹೆಪ್ಪುಗಟ್ಟಿದ ನೆಲ ತಡೆಯಾಗಿ ನಿಂತಿದೆ. ಮೇಲೆ ಕರಗುವ ತೆಳು ಪದರದಲ್ಲೇ ಬೇರು ಹರಡಿಕೊಂಡು ಲಾರ್ಚ್ ಮರಗಳು ಬದುಕುತ್ತವೆ. ಹೆಪ್ಪುನೆಲ ಇಲ್ಲದಿದ್ದರೆ ಅಷ್ಟು ಕಡಿಮೆ ನೀರಿನಲ್ಲಿ ಅಲ್ಲಿ ಹುಲ್ಲುಗಾವಲು ಇರಬಹುದಿತ್ತೇ ಹೊರತು ಕಾಡು ಕಷ್ಟ. ಈಗ ಆ ನೆಲ ಕರಗತೊಡಗಿದೆ ಎಂಬ ಸುದ್ದಿ ಓದುವಾಗ ಅದರ ಭಾರ ಎಷ್ಟೆಂಬುದು ಈ ಗ್ರಾಫ್ ಬರೆದ ಮಕ್ಕಳಿಗೆ ಗೊತ್ತಾಗುತ್ತದೆ.

ಲಾರ್ಚಿನ ಬಗ್ಗೆ ಇನ್ನೊಂದು ಮಾತು ಸೇರಿಸುತ್ತೇನೆ. ಸೂಜಿಯೆಲೆಯ ಮರಗಳೆಲ್ಲ ನಿತ್ಯಹರಿದ್ವರ್ಣ ಎಂದು ಮಕ್ಕಳು ಬರೆಯುತ್ತಾರೆ. ಸ್ಪ್ರೂಸ್, ಪೈನ್ ಹಾಗೆಯೇ. ಚಳಿ ಕಳೆದ ತಕ್ಷಣ ಎಲೆ ಸಿದ್ಧವಿದ್ದರೆ ಚಿಕ್ಕ ಬೇಸಗೆಯ ಒಂದು ದಿನವೂ ವ್ಯರ್ಥವಾಗುವುದಿಲ್ಲ. ಆದರೆ ಪೂರ್ವ ಸೈಬೀರಿಯಾದ ಅತಿ ಕ್ರೂರ ಚಳಿಯಲ್ಲಿ ಸೂಜಿಯೆಲೆಯನ್ನೂ ಉಳಿಸಿಕೊಳ್ಳುವುದು ಲಾಭವಲ್ಲ. ಲಾರ್ಚ್ ಶರತ್ಕಾಲದಲ್ಲಿ ಹಳದಿಯಾಗಿ ಎಲ್ಲವನ್ನೂ ಉದುರಿಸುತ್ತದೆ.

ಎಲೆ ಉದುರುವ ವಿಷಯಕ್ಕೆ ನಾನು ಒಂದು ಇಡೀ ತರಗತಿ ಮೀಸಲಿಡುತ್ತೇನೆ. ಅಮೆರಿಕದ ಈಶಾನ್ಯ ಭಾಗದ ಮೇಪಲ್ ಅಕ್ಟೋಬರಿನಲ್ಲಿ ಕೆಂಪಾಗಿ ಉದುರುತ್ತದೆ. ನಮ್ಮ ಭದ್ರಾ ಕಾಡಿನ ತೇಗ ಜನವರಿ-ಫೆಬ್ರವರಿಯಲ್ಲಿ ಬೋಳಾಗುತ್ತದೆ. ಎರಡಕ್ಕೂ ಪಠ್ಯದಲ್ಲಿ ಒಂದೇ ವಿಶೇಷಣ. ಕಾರಣಗಳು ಬೇರೆ. ನ್ಯೂಯಾರ್ಕಿನ ಗ್ರಾಫಿನಲ್ಲಿ ಒಂದು ತಿಂಗಳೂ ಕೆಂಪಿಲ್ಲ. ವರ್ಷಕ್ಕೆ ಸುಮಾರು 1,200 ಮಿ.ಮೀ. ತಿಂಗಳು ತಿಂಗಳೂ ಸಮನಾಗಿ ಬೀಳುತ್ತದೆ. ಅಲ್ಲಿನ ಅಗಲೆಲೆ ಚಳಿಗೆ ಹೆದರಿ ಉದುರುತ್ತದೆ: ಮಂಜುಗಟ್ಟಿದರೆ ಎಲೆ ಹಾಳು, ತಣ್ಣನೆ ನೆಲದಿಂದ ಬೇರು ನೀರು ಎಳೆಯಲಾರದು, ಬೆಳಕೂ ಕಡಿಮೆ. ನಮ್ಮಲ್ಲಿ ಜನವರಿಯ ಬಿಸಿಲು ಎಲೆಗೆ ಹಿತವಾಗಿಯೇ ಇರುತ್ತದೆ, ಆದರೆ ನೀರಿಲ್ಲ. ಎಲೆ ಇಟ್ಟುಕೊಂಡರೆ ಇರುವ ನೀರನ್ನೂ ಅದು ಗಾಳಿಗೆ ಬಿಟ್ಟುಬಿಡುತ್ತದೆ.

ಇಲ್ಲಿ ಮಕ್ಕಳು ತಪ್ಪದೆ ಕೇಳುವ ಒಂದು ಪ್ರಶ್ನೆ ಇದೆ. ಯುಗಾದಿಗೆ ಹೊಂಗೆ ಚಿಗುರುತ್ತದಲ್ಲ, ಮಳೆ ಬರುವುದು ಜೂನಿಗೆ, ಅದು ಹೇಗೆ? ಪ್ರಶ್ನೆ ಸರಿಯಾಗಿಯೇ ಇದೆ. ಒಣಕಾಡಿನ ಎಷ್ಟೋ ಮರಗಳು ಮುಂಗಾರಿಗೆ ಕಾಯದೆ, ಬಿಸಿಲು ನೆತ್ತಿ ಸುಡುವ ಮಾರ್ಚ್-ಏಪ್ರಿಲ್‌ನಲ್ಲೇ ಚಿಗುರುತ್ತವೆ. ಎಲೆ ಉದುರಿಸಿದ್ದರಿಂದ ಮರದೊಳಗೆ ನೀರಿನ ಖರ್ಚು ನಿಂತಿರುತ್ತದೆ, ಆಳಕ್ಕಿಳಿದ ಬೇರಿಗೆ ಒಂದಿಷ್ಟು ತೇವ ಸಿಗುತ್ತದೆ, ಹಗಲು ಉದ್ದವಾಗುತ್ತಿರುತ್ತದೆ. ಮೊದಲ ಮಳೆ ಬೀಳುವ ಹೊತ್ತಿಗೆ ಎಲೆ ಬಲಿತು ಕೆಲಸಕ್ಕೆ ಸಿದ್ಧ. ಕ್ಯಾಲೆಂಡರಿನ ಹಬ್ಬದ ಹಿಂದೆ ಮರದ ಇಂಥ ಲೆಕ್ಕಾಚಾರ ನಿಂತಿದೆ ಎಂದು ವಿವರಿಸುವಾಗ ನನಗೇ ಮೈ ನವಿರೇಳುತ್ತದೆ.

ಮೂರನೇ ಜೋಡಿಗೆ ಮಂಗಳೂರು ಮತ್ತು ಲಿಮಾ. ಒಂದು ಸಮಭಾಜಕದಿಂದ ಸುಮಾರು 13 ಡಿಗ್ರಿ ಉತ್ತರಕ್ಕೆ, ಇನ್ನೊಂದು 12 ಡಿಗ್ರಿ ದಕ್ಷಿಣಕ್ಕೆ. ಎರಡೂ ಸಮುದ್ರದಂಡೆಯ ಊರು, ಎರಡಕ್ಕೂ ಪಶ್ಚಿಮಕ್ಕೆ ಸಾಗರ, ಪೂರ್ವಕ್ಕೆ ಬೆಟ್ಟಸಾಲು. ಮಂಗಳೂರಿನಲ್ಲಿ 3,500 ಮಿ.ಮೀ. ಮೀರಿ ಮಳೆ, ಲಿಮಾದಲ್ಲಿ ವರ್ಷಕ್ಕೆ 20 ಮಿ.ಮೀ.ಗೂ ಕಡಿಮೆ. ಪೆರುವಿನ ತೀರದುದ್ದಕ್ಕೂ ದಕ್ಷಿಣದಿಂದ ಹರಿದು ಬರುವ ಹಂಬೋಲ್ಟ್ ಶೀತಪ್ರವಾಹ ಮೇಲಿನ ಗಾಳಿಯನ್ನು ತಣ್ಣಗಾಗಿಸುತ್ತದೆ. ತಣ್ಣನೆ ಗಾಳಿ ಮೇಲೇರುವುದಿಲ್ಲ; ಮೇಲೇರದೆ ಮಳೆಯಿಲ್ಲ. ವರ್ಷದ ಬಹುಭಾಗ ಗಾಳಿ ತೀರಕ್ಕೆ ಸಮಾನಾಂತರವಾಗಿಯೇ ಬೀಸುತ್ತದೆ. ನಮ್ಮಲ್ಲಿ ಜೂನ್‌ನಿಂದ ಬೆಚ್ಚನೆಯ ಅರಬ್ಬೀ ಸಮುದ್ರದ ತೇವ ಹೊತ್ತ ಗಾಳಿ ನೇರವಾಗಿ ಘಟ್ಟಕ್ಕೆ ಬಡಿದು ಮೇಲೇರಲೇಬೇಕಾಗುತ್ತದೆ. ಲಿಮಾ ಸುತ್ತಲಿನ ದಿಬ್ಬಗಳಲ್ಲಿ ಚಳಿಗಾಲದ ದಟ್ಟ ಮಂಜನ್ನೇ ಕುಡಿದು ಕೆಲವು ತಿಂಗಳು ಹಸಿರಾಗುವ ಗಿಡಗಳಿವೆ. ಆ ಮಂಜಿನ ಹಸಿರಿಗೆ ಅಲ್ಲಿನವರು ಲೋಮಾಸ್ ಎನ್ನುತ್ತಾರೆ. ಸಮುದ್ರದ ಪಕ್ಕವೇ ಮರುಭೂಮಿ ಇರಬಹುದು ಎಂಬುದು ಕರಾವಳಿಗೆ ಪ್ರವಾಸ ಹೋಗಿ ಬಂದ ಮಕ್ಕಳಿಗೆ ನಂಬಲಿಕ್ಕೇ ಕಷ್ಟ. ನಕ್ಷೆ ತೆರೆದು ಅಟಕಾಮಾ, ನಮೀಬ್ ಎರಡನ್ನೂ ಅವರ ಬೆರಳಿನಿಂದಲೇ ಮುಟ್ಟಿಸುತ್ತೇನೆ.

ಮೆಡಿಟರೇನಿಯನ್ ವಾಯುಗುಣವನ್ನು ಬೇಗ ಮುಗಿಸುತ್ತೇನೆ, ಆದರೆ ಒಂದು ವಿಷಯ ಬಿಡುವುದಿಲ್ಲ. ನಮ್ಮಲ್ಲಿ ಮಳೆಯೂ ಸೆಕೆಯೂ ಹೆಚ್ಚುಕಡಿಮೆ ಒಂದೇ ಅರ್ಧ ವರ್ಷದಲ್ಲಿ ಬರುತ್ತವೆ. ಅಲ್ಲಿ ಮಳೆ ಚಳಿಗಾಲದಲ್ಲಿ. ಬೆಚ್ಚಗಿರುವಾಗ ನೀರಿಲ್ಲ, ನೀರಿರುವಾಗ ಬೆಚ್ಚಗಿಲ್ಲ. ಹಾಗಾಗಿ ಆಲಿವ್, ಕಾರ್ಕ್ ಓಕ್‌ನಂಥ ಮರಗಳು ಚಿಕ್ಕ, ಗಟ್ಟಿ, ಮೇಣದ ಲೇಪವಿರುವ ಎಲೆಯನ್ನು ವರ್ಷವಿಡೀ ಉಳಿಸಿಕೊಳ್ಳುತ್ತವೆ. ಇಂಥ ವಾಯುಗುಣ ಮೆಡಿಟರೇನಿಯನ್ ಸುತ್ತ, ಕ್ಯಾಲಿಫೋರ್ನಿಯಾ, ಮಧ್ಯ ಚಿಲಿ, ದಕ್ಷಿಣ ಆಫ್ರಿಕಾದ ಕೇಪ್, ಆಸ್ಟ್ರೇಲಿಯಾದ ನೈರುತ್ಯ ಮತ್ತು ದಕ್ಷಿಣ ಅಂಚು, ಈ ಐದು ಕಡೆ ಮಾತ್ರ. ಕೇಪ್ ಪ್ರದೇಶ ಅಷ್ಟು ಚಿಕ್ಕದಾದರೂ ಅಲ್ಲಿ ಸುಮಾರು 9,000 ಜಾತಿಯ ಸಸ್ಯಗಳಿವೆ, ಮೂರನೇ ಎರಡು ಪಾಲು ಬೇರೆಲ್ಲೂ ಇಲ್ಲ.

ಇಷ್ಟಾದ ಮೇಲೆ ಹೊರಗೆ ಹೋಗುವ ಸರದಿ. ನಮ್ಮ ಅದೃಷ್ಟಕ್ಕೆ ಇಡೀ ಪಾಠ ಒಂದು ರಸ್ತೆಯ ಮೇಲೆ ಸಿಗುತ್ತದೆ. ಒಂಬತ್ತನೇ ತರಗತಿಯವರನ್ನು ಫೆಬ್ರವರಿ ಕೊನೆಗೆ, ಅಂದರೆ ಒಣ ಕಾಲದ ನಡುವೆಯೇ, ಆಗುಂಬೆಯಿಂದ ತೀರ್ಥಹಳ್ಳಿ, ಶಿವಮೊಗ್ಗ, ಹೊಳಲ್ಕೆರೆ, ಚಿತ್ರದುರ್ಗ ಹಾದು ಚಳ್ಳಕೆರೆವರೆಗೆ ಕರೆದೊಯ್ಯುತ್ತೇನೆ. ಮಳೆಗಾಲದಲ್ಲಿ ಹೋದರೆ ಎಲ್ಲ ಕಡೆಯೂ ಹಸಿರೇ ಕಾಣುತ್ತದೆ. ವ್ಯತ್ಯಾಸ ತಿಳಿಯಬೇಕಾದರೆ ನೀರಿಲ್ಲದ ತಿಂಗಳಲ್ಲೇ ನೋಡಬೇಕು. ಸುಮಾರು 225 ಕಿ.ಮೀ. ದಾರಿ. ಆಗುಂಬೆಯಲ್ಲಿ ವರ್ಷಕ್ಕೆ ಸುಮಾರು 7,600 ಮಿ.ಮೀ. ಮಳೆ, ತೀರ್ಥಹಳ್ಳಿಯಲ್ಲಿ 3,000ದ ಹತ್ತಿರ, ಶಿವಮೊಗ್ಗದಲ್ಲಿ 900ರ ಆಸುಪಾಸು, ಚಳ್ಳಕೆರೆಯಲ್ಲಿ 500.

ಪ್ರತಿ ನಿಲುಗಡೆಯಲ್ಲೂ ಮಕ್ಕಳು ಬರೆದುಕೊಳ್ಳಬೇಕಾದದ್ದು ನಾಲ್ಕೇ ಸಂಗತಿ: ಮರದ ಕೆಳಗೆ ನಿಂತರೆ ಆಕಾಶ ಎಷ್ಟು ಕಾಣುತ್ತದೆ, ಎಲೆ ಎಷ್ಟು ದೊಡ್ಡದು, ತೊಗಟೆ ಎಷ್ಟು ದಪ್ಪ, ನೆಲದ ಮೇಲೆ ಹುಲ್ಲಿದೆಯೋ ಇಲ್ಲವೋ. ಮರದ ಹೆಸರು ಗೊತ್ತಿದ್ದರೆ ಬರೆಯಲಿ, ಇಲ್ಲದಿದ್ದರೆ ಸ್ಥಳೀಯರನ್ನು ಕೇಳಲಿ. ಆಗುಂಬೆಯಲ್ಲಿ ಬಲಗಿ, ಧೂಪದ ಮರಗಳ ಕೆಳಗೆ ಆಕಾಶವೂ ಇಲ್ಲ, ಹುಲ್ಲೂ ಇಲ್ಲ; ತೊಗಟೆ ತೆಳು, ಎಲೆಯ ತುದಿ ನೀರು ಜಾರಲೆಂದೇ ಮೊನಚು. ಮಂಡಗದ್ದೆ ದಾಟಿ ಗಾಜನೂರಿನ ಕಡೆ ಬರುವಾಗ ತೇಗ, ಮತ್ತಿ, ಹೊನ್ನೆ, ನಂದಿ. ತೇಗ ಬೋಳು. ಮತ್ತಿಯ ತೊಗಟೆ ಮೊಸಳೆಯ ಬೆನ್ನಿನಂತೆ ಬಿರಿದು ದಪ್ಪಗಿದೆ, ಬೇಸಗೆಯ ನೆಲಬೆಂಕಿಯನ್ನು ತಡೆದುಕೊಳ್ಳಲು. ಅಲ್ಲಲ್ಲಿ ಮುತ್ತುಗ ಒಂದೂ ಎಲೆಯಿಲ್ಲದೆ ಹೂ ಹೊತ್ತು ನಿಂತಿದೆ. ಚಿತ್ರದುರ್ಗದ ಜೋಗಿಮಟ್ಟಿಯಲ್ಲಿ ದಿಂಡಿಗ ಮತ್ತು ಕುರುಚಲು, ಮರದಿಂದ ಮರಕ್ಕೆ ದೂರ, ನಡುವೆ ಒಣಹುಲ್ಲು. ಚಳ್ಳಕೆರೆಯ ಕಡೆ ಬಯಲು, ಜಾಲಿ, ಬಂದರಿಕೆ, ಕಳ್ಳಿ, ಎಲೆಗಳು ಉಗುರಿನಷ್ಟು. ಮಲೆನಾಡು, ಬಯಲುಸೀಮೆ ಎಂದು ನಮ್ಮ ಹಿರಿಯರು ಭೂಮಿಯನ್ನು ವಿಂಗಡಿಸಿದ್ದು ಇದನ್ನೆಲ್ಲ ಕಂಡೇ.

ಬಸ್ಸಿನಲ್ಲಿ ವಾಪಸಾಗುವಾಗ ಪಶ್ಚಿಮ ಆಫ್ರಿಕಾದ ನಕ್ಷೆ ಬಿಚ್ಚುತ್ತೇನೆ. ಗಿನಿ ಕೊಲ್ಲಿಯ ಅಬಿಜಾನಿನಿಂದ ಉತ್ತರಕ್ಕೆ ಹೊರಟರೆ ಮೊದಲು ಮಳೆಕಾಡು, ಆಮೇಲೆ ಎತ್ತರದ ಹುಲ್ಲಿನ ಸವನ್ನಾ, ಔಗಡೂಗು ಹತ್ತಿರ ಸುಮಾರು 800 ಮಿ.ಮೀ., ಆಮೇಲೆ ಮುಳ್ಳುಪೊದೆಯ ಸಾಹೇಲ್, ಕೊನೆಗೆ 200 ಮಿ.ಮೀ. ಮಳೆಯ ಟಿಂಬಕ್ಟು, ಅದರಾಚೆ ಸಹಾರಾ. ನಮ್ಮದೇ ಕ್ರಮ, ಆದರೆ ಅಲ್ಲಿ ಇದಕ್ಕೆ 1,200 ಕಿ.ಮೀ.ಗೂ ಹೆಚ್ಚು ದೂರ ಬೇಕು. ನಮ್ಮಲ್ಲಿ ಘಟ್ಟ ಮಳೆಯನ್ನು ಕತ್ತರಿಸಿ ಹಾಕುತ್ತದೆ. ಅಲ್ಲಿ ಸೂರ್ಯನ ಹಿಂದೆ ಮಳೆಪಟ್ಟಿ ಉತ್ತರಕ್ಕೆ ಸರಿದು ಮತ್ತೆ ದಕ್ಷಿಣಕ್ಕೆ ಇಳಿಯುತ್ತದೆ. ಉತ್ತರಕ್ಕೆ ಹೋದಷ್ಟೂ ಅದು ನಿಲ್ಲುವ ತಿಂಗಳು ಕಡಿಮೆ.

ಸವನ್ನಾ ಬಗ್ಗೆ ನನಗೆ ಬಲವಾದ ಅಭಿಪ್ರಾಯವಿದೆ. ಕೊಪ್ಪೆನ್ ಲೆಕ್ಕದಲ್ಲಿ ಬೆಂಗಳೂರು ಕೂಡ ಸವನ್ನಾ ವಾಯುಗುಣದ ಊರು. ಆದರೂ ನಮ್ಮ ಮಕ್ಕಳಿಗೆ ಸವನ್ನಾ ಎಂದರೆ ಸಿಂಹ, ಜಿರಾಫೆ, ಆಫ್ರಿಕಾ. ಚಿತ್ರದುರ್ಗ, ಹಾಸನ, ಚಿಕ್ಕಮಗಳೂರು, ತುಮಕೂರು ಕಡೆಯ ಅಮೃತ ಮಹಲ್ ಕಾವಲುಗಳು ಮೈಸೂರು ಅರಸರ ಕಾಲದಿಂದ ದನಗಳಿಗಾಗಿ ಉಳಿದು ಬಂದ ಹುಲ್ಲುಗಾವಲುಗಳು. ರಾಣೆಬೆನ್ನೂರಿನ ಕೃಷ್ಣಮೃಗ, ಸಿರುಗುಪ್ಪದ ಎರೆಭೂತ ಎಂಬ ದೊಡ್ಡ ಹಕ್ಕಿ ಬದುಕುವುದು ತೆರೆದ ನೆಲದಲ್ಲಿ. ಹುಲ್ಲಿನ ಬೆಳೆಯುವ ತುದಿ ನೆಲಕ್ಕೆ ಅಂಟಿಕೊಂಡಿರುತ್ತದೆ. ಮೇಯ್ದರೂ, ಸುಟ್ಟರೂ ಮತ್ತೆ ಬರುತ್ತದೆ. ಎಳೆ ಮರಕ್ಕೆ ಆ ಸೌಲಭ್ಯವಿಲ್ಲ. ಹಾಗಾಗಿ ಒಂದೇ ಮಳೆಯಲ್ಲಿ ಕಾಡೂ ಇರಬಹುದು, ಹುಲ್ಲುಗಾವಲೂ ಇರಬಹುದು. ಬೆಂಕಿ, ಮೇವು, ಮಣ್ಣು ಮೂರೂ ಸೇರಿ ತೀರ್ಮಾನಿಸುತ್ತವೆ. ಬ್ರೆಜಿಲಿನ ಬ್ರೆಸಿಲಿಯಾದಲ್ಲಿ ಸುಮಾರು 1,500 ಮಿ.ಮೀ. ಮಳೆ, ಆದರೂ ಅಲ್ಲಿರುವುದು ಸೆರಾಡೊ ಎಂಬ ಸವನ್ನಾ. ಜೂನ್ 5ರ ಪರಿಸರ ದಿನಕ್ಕೆ ಹುಲ್ಲಿನ ಬಯಲಿನಲ್ಲಿ ಗುಂಡಿ ತೋಡಿ ಸಸಿ ನೆಡುವ ಉತ್ಸಾಹ ಎಲ್ಲ ಕಡೆ ಇದೆ. ನಮ್ಮ ಶಾಲೆಯಲ್ಲಿ ಮೊದಲು ಆ ಜಾಗದ ಗ್ರಾಫ್ ಬರೆಯಬೇಕು, ಅಲ್ಲಿ ಈಗಾಗಲೇ ಏನಿದೆ ಎಂದು ನೋಡಿ ಬರಬೇಕು, ಆಮೇಲೆ ಸಸಿಯ ಮಾತು ಎಂದು ನಿಯಮ ಮಾಡಿದ್ದೇನೆ. ಹುಲ್ಲುಗಾವಲನ್ನು ಪಾಳು ಎಂದು ಕರೆಯುವುದನ್ನು ನಾನು ತರಗತಿಯಲ್ಲಿ ಒಪ್ಪುವುದಿಲ್ಲ.

ಸ್ಟೆಪಿ ಬಂದಾಗ ಮಣ್ಣಿನ ಮಾತು ಬಂದೇ ಬರುತ್ತದೆ. ಉಕ್ರೇನಿನ ಒಡೆಸಾ ಸುತ್ತ 450 ಮಿ.ಮೀ. ಹತ್ತಿರ ಮಳೆ, ಮರಕ್ಕೆ ಸಾಲದು, ಹುಲ್ಲಿಗೆ ಸಾಕು. ಪ್ರತಿ ವರ್ಷ ಸಾಯುವ ಹುಲ್ಲಿನ ಬೇರು ಚಳಿಯಲ್ಲಿ ಪೂರ್ತಿ ಕೊಳೆಯದೆ ಸಾವಿರಾರು ವರ್ಷ ಸೇರುತ್ತ ಹೋಗಿ ಚೆರ್ನೊಜೆಮ್ ಎಂಬ ಕಪ್ಪು ಮಣ್ಣಾಗಿದೆ. ವಾಸಿಲಿ ಡೊಕುಚಾಯೆವ್ 1883ರಲ್ಲಿ ಅದರ ಅಧ್ಯಯನ ಪ್ರಕಟಿಸಿ ಮಣ್ಣಿನ ವಿಜ್ಞಾನಕ್ಕೇ ದಾರಿ ಮಾಡಿದರು. ಬಯಲುಸೀಮೆಯ ಮಕ್ಕಳು ಕೂಡಲೆ "ನಮ್ಮ ಎರೆಮಣ್ಣಿನ ಹಾಗೆ" ಅನ್ನುತ್ತಾರೆ. ಬಣ್ಣ ಒಂದೇ, ಹುಟ್ಟು ಬೇರೆ. ನಮ್ಮ ಎರೆಯ ಕಪ್ಪಿಗೆ ಕೊಳೆತ ಬೇರಿನ ಸಮೃದ್ಧಿ ಕಾರಣವಲ್ಲ. ಬಹುಪಾಲು ಬಸಾಲ್ಟಿನಂಥ ಕಲ್ಲು ಸವೆದು ಆದ, ಒದ್ದೆಯಾದಾಗ ಉಬ್ಬಿ ಒಣಗಿದಾಗ ಬಿರಿಯುವ ಜೇಡಿ ಅದು.

ಟಂಡ್ರಾಕ್ಕೆ ಒಂದೇ ಗೆರೆ ಸಾಕು. ಅತಿ ಬೆಚ್ಚನೆಯ ತಿಂಗಳ ಸರಾಸರಿ 10 ಡಿಗ್ರಿ ಮುಟ್ಟದಲ್ಲಿ ಮರ ನಿಲ್ಲುವುದಿಲ್ಲ ಎಂಬುದು ಸ್ಥೂಲವಾದ ಗಡಿ. ಅಲಾಸ್ಕಾದ ಉಟ್ಕಿಯಾಗ್ವಿಕ್‌ನಲ್ಲಿ ಜುಲೈ ಸರಾಸರಿ 5 ಡಿಗ್ರಿಯ ಹತ್ತಿರ. ಅಲ್ಲಿ ಪಾಚಿ, ಕಲ್ಲುಹೂ, ನೆಲಕ್ಕಂಟಿದ ವಿಲೋ. ಎತ್ತರಕ್ಕೆ ಹೋದರೂ ಇದೇ ಕಥೆ. ಒಂದು ಕಿ.ಮೀ. ಏರಿದರೆ ಸುಮಾರು ಆರೂವರೆ ಡಿಗ್ರಿ ಇಳಿಯುತ್ತದೆ. 1802ರಲ್ಲಿ ಜರ್ಮನ್ ವಿಜ್ಞಾನಿ ಅಲೆಕ್ಸಾಂಡರ್ ಫಾನ್ ಹಂಬೋಲ್ಟ್ ಈಕ್ವೆಡಾರಿನ ಚಿಂಬೊರಾಜೊ ಪರ್ವತ ಹತ್ತಿ, ಬುಡದ ಉಷ್ಣವಲಯದ ಗಿಡದಿಂದ ಹಿಮದವರೆಗಿನ ಪಟ್ಟಿಗಳನ್ನು ಒಂದೇ ಚಿತ್ರದಲ್ಲಿ ಬರೆದು ತೋರಿಸಿದರು. ಮುಳ್ಳಯ್ಯನಗಿರಿ 1,930 ಮೀಟರ್ ಮಾತ್ರ, ಅಲ್ಲಿ ಟಂಡ್ರಾ ಇಲ್ಲ. ಆದರೆ ಕಣಿವೆಯಲ್ಲಿ ಕುಳ್ಳ ಶೋಲಾ ಕಾಡು, ಮೈಮೇಲೆ ಹುಲ್ಲು ಎಂಬ ವಿಂಗಡಣೆ ನೋಡಿದರೆ ಗಾಳಿ, ಮಣ್ಣಿನ ಆಳ, ಬೆಂಕಿ ಏನು ಮಾಡುತ್ತವೆ ಎಂದು ತಿಳಿಯುತ್ತದೆ.

ಇದನ್ನು ಪ್ರಯತ್ನಿಸಬಯಸುವ ಶಿಕ್ಷಕರಿಗೆ ಒಂದೆರಡು ಮಾತು. ನಮ್ಮ ದೇಶದ ಊರುಗಳ ತಿಂಗಳ ಸರಾಸರಿ ಭಾರತೀಯ ಹವಾಮಾನ ಇಲಾಖೆಯ ಕೋಷ್ಟಕಗಳಲ್ಲಿ ಸಿಗುತ್ತದೆ, ಹೊರದೇಶದ್ದು ವಿಶ್ವ ಹವಾಮಾನ ಸಂಸ್ಥೆಯಲ್ಲಿ. ಸ್ವಂತ ಹೋಬಳಿಯ ಮಳೆಗೆ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳ ಅಂಕಿ ನೋಡಿ. ಮೂವತ್ತು ವರ್ಷದ ಸರಾಸರಿಯನ್ನೇ ಬಳಸಿ. ಒಂದು ವರ್ಷದ ಅಂಕಿ ದಾರಿ ತಪ್ಪಿಸುತ್ತದೆ. 100 ಮಿ.ಮೀ.ಗಿಂತ ಮೇಲೆ ಮಳೆಯ ಅಳತೆಯನ್ನು ಹತ್ತನೇ ಒಂದಕ್ಕೆ ಕುಗ್ಗಿಸಿ, ಇಲ್ಲದಿದ್ದರೆ ಜುಲೈ ಒಂದರಲ್ಲೇ 2,000 ಮಿ.ಮೀ. ದಾಟುವ ಆಗುಂಬೆ ಹಾಳೆಯಲ್ಲಿ ಹಿಡಿಸುವುದಿಲ್ಲ.

ಆಗುಂಬೆಯ ಹಾಳೆಯೇ ಕೊನೆಗೆ ಅತಿ ಹೆಚ್ಚು ಚರ್ಚೆ ಎಬ್ಬಿಸುತ್ತದೆ. ಅಷ್ಟು ಮಳೆಯ ಊರಿನಲ್ಲೂ ನಾಲ್ಕೈದು ತಿಂಗಳು ಕೆಂಪು. ಪ್ರತಿ ತಿಂಗಳೂ 100 ಮಿ.ಮೀ. ಮೀರುವ ಸಿಂಗಪುರದ ಹಾಳೆಯಲ್ಲಿ ಕೆಂಪೇ ಇಲ್ಲ. ಎರಡು ಕಡೆಯೂ ನಿತ್ಯಹರಿದ್ವರ್ಣ. ಆಗುಂಬೆಯಂತೆ ಒಣ ತಿಂಗಳಿರುವ ಊರಿಗೆ ಕೊಪ್ಪೆನ್ ಒಂದು ಲೆಕ್ಕ ಇಟ್ಟಿದ್ದಾರೆ: ವರ್ಷದ ಮಳೆಯನ್ನು 25ರಿಂದ ಭಾಗಿಸಿ 100ರಿಂದ ಕಳೆಯಿರಿ; ಅತಿ ಒಣ ತಿಂಗಳ ಮಳೆ ಆ ಸಂಖ್ಯೆಗಿಂತ ಕಡಿಮೆಯಾದರೆ ಮಾತ್ರ ಸವನ್ನಾ, ಇಲ್ಲವಾದರೆ ಮಾನ್ಸೂನ್ ಕಾಡಿನ ವಾಯುಗುಣ. ಬೆಂಗಳೂರಿಗೆ ಆ ಸಂಖ್ಯೆ 60ರ ಹತ್ತಿರ. ಜನವರಿಯ ಮಳೆ ಅಲ್ಲಿಗೆ ಮುಟ್ಟುವುದೇ ಇಲ್ಲ. ಆಗುಂಬೆಗೆ ಅದು ಸೊನ್ನೆಗಿಂತ ಕೆಳಗೆ ಹೋಗುತ್ತದೆ. ಅಂದರೆ ನೆಲ ಕುಡಿದಿಟ್ಟುಕೊಂಡ ನೀರು, ಘಟ್ಟದ ಮೋಡ, ರಾತ್ರಿಯ ಇಬ್ಬನಿ ಸೇರಿ ಆ ಕೆಂಪು ತಿಂಗಳುಗಳನ್ನು ದಾಟಿಸುತ್ತವೆ.

"ಹಾಗಾದರೆ ಮೇಡಂ, ಕೆಂಪು ತಿಂಗಳು ಏಳಾದರೆ ಆಗುಂಬೆ ಏನಾಗುತ್ತದೆ?" ಎಂದು ಒಬ್ಬಳು ಕೇಳಿದ್ದಳು. ಘಟ್ಟದಲ್ಲಿ ಉತ್ತರಕ್ಕೆ ಹೋದಂತೆ ಮುಂಗಾರು ತಡವಾಗಿ ಬರುತ್ತದೆ, ಬೇಗ ಹಿಂದೆ ಸರಿಯುತ್ತದೆ. ಕೇರಳದ ದಕ್ಷಿಣದಲ್ಲಿ ಎರಡು-ಮೂರು ಇರುವ ಒಣ ತಿಂಗಳು ಮಹಾರಾಷ್ಟ್ರದ ಘಟ್ಟಗಳಲ್ಲಿ ಏಳೆಂಟಕ್ಕೆ ಏರುತ್ತದೆ. ಆಗುಂಬೆಯಿಂದ ಸುಮಾರು 500 ಕಿ.ಮೀ. ಉತ್ತರದ ಮಹಾಬಲೇಶ್ವರದಲ್ಲಿ ಈಗಲೂ 5,000 ಮಿ.ಮೀ. ಮೀರಿ ಮಳೆ ಸುರಿಯುತ್ತದೆ. ಬೆಟ್ಟದ ಎತ್ತರ ಮತ್ತು ಮೋಡದಿಂದಾಗಿ ಅಲ್ಲಿ ಎಲೆ ಉದುರದ ಕಾಡೇ ಇದೆ. ಆದರೆ ಬಲಗಿಯಿಲ್ಲ, ಧೂಪವಿಲ್ಲ. ಕುಳ್ಳಗೆ ನಿಂತ ನೇರಳೆ, ಮರಾಠಿಯಲ್ಲಿ ಅಂಜನಿ ಎಂದು ಕರೆಯುವ ಮರ, ಇಂಥ ಕೆಲವೇ ಜಾತಿಗಳು. ಎರಡೂ ಊರಿನ ಅಂಕಿಗಳನ್ನು ಆ ಹುಡುಗಿಯ ಕೈಗೆ ಕೊಟ್ಟು ಒಂದೇ ಹಾಳೆಯ ಮೇಲೆ ಬರೆಸಿದೆ. ಈಗ ಹೊಸ ತರಗತಿಗೆ ಮೊದಲ ದಿನ ನಾನು ಕೊಡುವ ಹೆಸರಿಲ್ಲದ ಹಾಳೆಗಳಲ್ಲಿ ಆ ಜೋಡಿಯೂ ಸೇರಿದೆ.